ಬೋರ್ಡಿನ ಮುಂದೆ ಚೆನ್ನಾಗಿ ಕಾಣುವ ರೋಗಿ

ಅಂಗವಿಕಲತೆಯ ಪ್ರಮಾಣಪತ್ರಕ್ಕೆಂದು ಜಿಲ್ಲಾಸ್ಪತ್ರೆಯ ವೈದ್ಯಕೀಯ ಬೋರ್ಡಿನ ಮುಂದೆ ಹೊರಟವರಿಗೆ ನಮ್ಮಲ್ಲಿ ಎರಡು ಬಗೆಯ ಉಪದೇಶ ಸಿಗುತ್ತದೆ. “ಹಳೇ ಸೀರೆ ಉಟ್ಕೊ, ಸ್ವಲ್ಪ ಕುಂಟ್ಕೊಂಡೇ ಹೋಗು” ಅನ್ನುವುದು ಒಂದು. “ನಿಜವಾಗ್ಲೂ ಕಾಯಿಲೆ ಇದ್ರೆ ತಯಾರಿ ಯಾಕೆ, ಡಾಕ್ಟ್ರಿಗೆ ಕಾಣಲ್ವಾ?” ಅನ್ನುವುದು ಇನ್ನೊಂದು. ಮೊದಲಿನದು ಠಕ್ಕರ ಮಾತು, ಎರಡನೆಯದು ಸಜ್ಜನರದು ಎಂದು ಎಲ್ಲರೂ ಒಪ್ಪಿಬಿಟ್ಟಿದ್ದಾರೆ. ಆದರೆ ವೈಕಲ್ಯವೆಂದರೆ ನೋಡಿದ ಕೂಡಲೇ ಕಾಣಬೇಕು ಎಂಬ ನಂಬಿಕೆ ಎರಡರಲ್ಲೂ ಇದೆ. ದೀರ್ಘಕಾಲದ ಕಾಯಿಲೆಯವರನ್ನು ಹೆಚ್ಚು ಕೆಡಿಸುವುದು ಸಜ್ಜನರ ಮಾತೇ.

ಅಂಗವಿಕಲರ 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್‌ಗಳನ್ನೂ ಸೇರಿಸಿತು. ಸಿಕಲ್ ಸೆಲ್ ಇರುವ ಹುಡುಗ ನೋವು ಕೆರಳದ ದಿನ ಎಲ್ಲರಂತೆ ಓಡಾಡುತ್ತಾನೆ. ರುಮಟಾಯ್ಡ್ ಸಂಧಿವಾತದ ಹೆಸರು ಆ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿಗೆ ಬಲ ಎಷ್ಟು ಎಂದು ಅಳೆದು ಚಲನ ವೈಕಲ್ಯದ ಲೆಕ್ಕದಲ್ಲಿ ಶೇಕಡಾ ಹಾಕಬೇಕು. ಬೆಳಗ್ಗೆ ಆರಕ್ಕೆ ರವಿಕೆಯ ಹುಕ್ಕು ಹಾಕಲಾಗದ ಬೆರಳು, ಮಾತ್ರೆ ನುಂಗಿ, ಬಸ್ಸು ಹಿಡಿದು, ಸರದಿಯಲ್ಲಿ ಕೂತು ಒಳಗೆ ಹೋಗುವ ಹೊತ್ತಿಗೆ ಮಡಚತೊಡಗಿರುತ್ತದೆ. ವೈದ್ಯರ ಅಳತೆಯೇನೂ ಸುಳ್ಳಲ್ಲ, ಹೊತ್ತು ಬೇರೆ ಅಷ್ಟೆ. ಶೇ 40ರ ಗೆರೆ ಮುಟ್ಟದಿದ್ದರೆ ಮೀಸಲಾತಿಯೂ ಸೇರಿ ಹೆಚ್ಚಿನ ಸವಲತ್ತುಗಳಿಗೆ ಬಾಗಿಲು ಮುಚ್ಚಿತು. ಕೇಂದ್ರದ ತಿಂಗಳ 300 ರೂಪಾಯಿ ಪಿಂಚಣಿಗಂತೂ ಶೇ 80 ಬೇಕು. ಆ ಮೊತ್ತಕ್ಕೆ ಇಷ್ಟು ಎತ್ತರದ ಬೇಲಿ ಯಾಕೋ!

ಇದರ ಮೇಲೆ ನಮ್ಮ ಸಂಕೋಚ. “ಹೇಗಿದ್ದೀರಮ್ಮಾ?” ಎಂದರೆ “ಪರವಾಗಿಲ್ಲ ಸಾರ್”. ಜೊತೆಗೆ ಬಂದ ಅತ್ತೆ, “ಮನೆಕೆಲಸ ಎಲ್ಲಾ ಇವಳೇ ಮಾಡ್ತಾಳೆ” ಎಂದು ಸೊಸೆಯ ಮಾನ ಕಾಯುತ್ತಾರೆ. ಒಂದು ಕೊಡ ನೀರು ಎತ್ತಿದ ಮೇಲೆ ಎಷ್ಟು ಹೊತ್ತು ಮಲಗುತ್ತಾಳೆ ಎಂದು ಯಾರೂ ಹೇಳುವುದಿಲ್ಲ.

ನಾನು ತಯಾರಿ ಅನ್ನುವುದು ಇದನ್ನು ಹೇಳಲು ಬೇಕಾದ ತಯಾರಿಯನ್ನು. ಎರಡು ಮೂರು ತಿಂಗಳು ತಾರೀಕು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಎದ್ದ ಎಷ್ಟು ಹೊತ್ತಿಗೆ ಕೈ ಆಡತೊಡಗಿತು, ಮೆಟ್ಟಿಲು ಹತ್ತಿದವರು ಮತ್ತೊಮ್ಮೆ ಹತ್ತಬಲ್ಲಿರಾ, ಸ್ನಾನಕ್ಕೆ ಯಾರ ನೆರವು ಬೇಕಾಯಿತು, ಮಾತ್ರೆಯಿಂದ ಏನಾಯಿತು. ಚೆನ್ನಾಗಿದ್ದ ದಿನವನ್ನೂ ಬಿಡಬೇಡಿ. ಆಸ್ಪತ್ರೆಯ ಚೀಟಿ, ಡಿಸ್ಚಾರ್ಜ್ ಸಾರಾಂಶಗಳನ್ನು ವರ್ಷದ ಕ್ರಮದಲ್ಲಿ ಹೊಲಿದಿಡಿ. ನಿಮ್ಮನ್ನು ವರ್ಷಗಟ್ಟಲೆ ನೋಡಿದ ವೈದ್ಯರಿಂದ, ಕಾಯಿಲೆಯ ಹೆಸರಷ್ಟೇ ಅಲ್ಲದೆ ಅದರಿಂದ ಯಾವ ಕೆಲಸ ನಿಂತಿದೆ ಎಂಬುದನ್ನೂ ಬರೆಸಿಕೊಳ್ಳಿ. ಬೋರ್ಡಿಗಾಗಿ ಮಾತ್ರೆ ನಿಲ್ಲಿಸುವ ಹುಚ್ಚುಸಾಹಸ ಮಾತ್ರ ಬೇಡ.

ಇದು ನಟನೆ ಕಲಿಸಿದಂತಾಗದೇ ಎಂಬ ಆಕ್ಷೇಪಕ್ಕೆ ಕಾರಣವಿದೆ. 2024ರಲ್ಲಿ ಐಎಎಸ್ ಪ್ರೊಬೇಷನರ್ ಒಬ್ಬರ ಪ್ರಮಾಣಪತ್ರದ ವಿವಾದ ಎದ್ದ ಮೇಲೆ ಕಣ್ಣಿಗೆ ಕಾಣದ ವೈಕಲ್ಯದವರೆಲ್ಲರ ಮೇಲೆ ಅನುಮಾನ ಇನ್ನಷ್ಟು ಬಿತ್ತು. ಆದರೆ ಮೋಸ ಮಾಡುವವರಿಗೆ ತಾರೀಕುಗಳೇ ತೊಡಕು. ಬರೆದದ್ದನ್ನು ಆಸ್ಪತ್ರೆಯ ದಾಖಲೆಯೊಂದಿಗೆ ತಾಳೆ ನೋಡಬಹುದು. ಕುಂಟು ನಡಿಗೆಯನ್ನು ಹಾಗೆ ತಾಳೆ ನೋಡಲು ಬರುವುದಿಲ್ಲ.

ಇಷ್ಟಾದರೂ ಶೇ 38 ಎಂದು ಬರಬಹುದು, ಬರುತ್ತದೆ ಕೂಡ. ಆಗ ಯಾವ ಕೀಲಿಗೆ ಎಷ್ಟು ಹಾಕಿದರು ಎಂದು ಕೇಳಿ. 2016ರ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿ ಹಾಕಬಹುದು. ಅದಕ್ಕೆ ಲಗತ್ತಿಸಲು ಆ ನೋಟ್‌ಬುಕ್ಕಿನ ನಕಲು ಇರುತ್ತದೆ.