ತಳ್ಳಬಹುದು, ಎಳೆಯುವಂತಿಲ್ಲ: ಸೋಕೋಬಾನ್ ಆಟವೂ ಆಟಗಾರರ ದೂರುಗಳೂ

ಕಂಪ್ಯೂಟರ್ ಆಟ ಎಂದೊಡನೆ ಬಂದೂಕು, ಕಾರಿನ ಓಟ, ಕಿವಿಗಡಚಿಕ್ಕುವ ಸದ್ದು ನೆನಪಾಗುವುದು ಸಹಜ. ಇವು ಯಾವುವೂ ಇಲ್ಲದ ಆಟವೊಂದು ನಾಲ್ಕು ದಶಕಗಳಿಂದ ಬದುಕಿ ಉಳಿದಿದೆ. ಅದರ ಹೆಸರು ಸೋಕೋಬಾನ್. ಜಪಾನೀ ಭಾಷೆಯಲ್ಲಿ ಹಾಗೆಂದರೆ ಉಗ್ರಾಣ ನೋಡಿಕೊಳ್ಳುವವನು ಎಂದರ್ಥ. ಹಿರೊಯುಕಿ ಇಮಾಬಯಾಶಿ ಎಂಬವರು ರೂಪಿಸಿದ ಈ ಆಟವನ್ನು ಜಪಾನಿನ ಥಿಂಕಿಂಗ್ ರ್‍ಯಾಬಿಟ್ ಸಂಸ್ಥೆ 1982ರಲ್ಲಿ ಹೊರತಂದಿತು. ಆ ಬಳಿಕ ಅದರ ನೂರಾರು ಅನುಕರಣೆಗಳು ಬಂದಿವೆ. ನಿಯಮಗಳು ಮಾತ್ರ ಬದಲಾಗಿಲ್ಲ.

ನಿಯಮಗಳು ನಾಲ್ಕೇ ಸಾಲಿನಲ್ಲಿ ಮುಗಿಯುತ್ತವೆ. ಚೌಕಬಾರದಂತೆ ಮನೆಗಳಾಗಿ ವಿಂಗಡಿಸಿದ ಒಂದು ಉಗ್ರಾಣ. ಅದರೊಳಗೆ ಗೋಡೆಗಳು, ಕೆಲವು ಪೆಟ್ಟಿಗೆಗಳು, ಅಷ್ಟೇ ಸಂಖ್ಯೆಯ ಗುರುತಿನ ಮನೆಗಳು ಮತ್ತು ಒಬ್ಬ ಆಳು. ಆಳು ಎಡ, ಬಲ, ಮೇಲೆ, ಕೆಳಗೆ ಒಂದೊಂದೇ ಹೆಜ್ಜೆ ಇಡುತ್ತಾನೆ. ಎದುರಿಗೆ ಪೆಟ್ಟಿಗೆಯಿದ್ದು ಅದರ ಆಚೆಯ ಮನೆ ಖಾಲಿಯಿದ್ದರೆ ಅದನ್ನು ಒಂದು ಮನೆ ತಳ್ಳುತ್ತಾನೆ. ಎರಡು ಪೆಟ್ಟಿಗೆಗಳನ್ನು ಒಟ್ಟಿಗೆ ತಳ್ಳಲಾರ, ಯಾವುದನ್ನೂ ಎಳೆಯಲಾರ. ಎಲ್ಲ ಪೆಟ್ಟಿಗೆಗಳೂ ಗುರುತಿನ ಮನೆಗಳನ್ನು ಸೇರಿದರೆ ಆ ಹಂತ ಮುಗಿಯಿತು.

ಕೆಲವು ವರ್ಷಗಳ ಹಿಂದೆ ನನ್ನ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಈ ಆಟವನ್ನು ಪರಿಚಯಿಸಿ, ಆಡಿದ ಮೇಲೆ ಅಭಿಪ್ರಾಯ ಬರೆದುಕೊಡಲು ಹೇಳಿದ್ದೆ. ಮೆಚ್ಚುಗೆಯೂ ಬಂತು, ದೂರುಗಳೂ ಬಂದವು. ಬೇರೆಡೆ ಈ ಆಟ ಆಡಿದವರನ್ನು ವಿಚಾರಿಸಿದಾಗಲೂ ಹೆಚ್ಚುಕಡಿಮೆ ಅವೇ ಮಾತುಗಳು ಕೇಳಿಬಂದವು. ಮೆಚ್ಚುಗೆಗಿಂತ ದೂರುಗಳಲ್ಲೇ ಕಲಿಯಲು ಹೆಚ್ಚು ಇದ್ದುದರಿಂದ ಅವನ್ನು ಒಂದೊಂದಾಗಿ ಪರಿಶೀಲಿಸೋಣ.

ನ್ಯೂಟನ್ ಎಲ್ಲಿ ಹೋದ?

ಭೌತವಿಜ್ಞಾನದ ವಿದ್ಯಾರ್ಥಿಗಳಾದ್ದರಿಂದ ಮೊದಲ ಆಕ್ಷೇಪ ನಿರೀಕ್ಷಿತವೇ: 'ತಳ್ಳುವುದನ್ನು ನಿಲ್ಲಿಸಿದೊಡನೆ ಪೆಟ್ಟಿಗೆ ನಿಂತುಬಿಡುತ್ತದೆ. ಇದು ಅರಿಸ್ಟಾಟಲನ ಲೋಕ. ಇಲ್ಲಿ ಜಡತ್ವ ಇಲ್ಲ.'

ಲೆಕ್ಕ ಹಾಕಿ ನೋಡೋಣ. ಒಬ್ಬಾತ ಭಾರದ ಪೆಟ್ಟಿಗೆಯನ್ನು ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ತಳ್ಳುತ್ತಿದ್ದಾನೆ; ನೆಲಕ್ಕೂ ಪೆಟ್ಟಿಗೆಗೂ ನಡುವಿನ ಘರ್ಷಣ ಗುಣಾಂಕ 0.3 ಎಂದುಕೊಳ್ಳಿ. ಕೈಬಿಟ್ಟ ಮೇಲೆ ಪೆಟ್ಟಿಗೆ ಜಾರುವ ದೂರ ವೇಗದ ವರ್ಗವನ್ನು 2 × 0.3 × 9.8ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 4 ಸೆಂಟಿಮೀಟರ್. ಒಂದು ಮೀಟರ್ ಅಗಲದ ಮನೆಯಲ್ಲಿ ಅದು ಕಣ್ಣಿಗೆ ಬೀಳದು. ಆಟ ನ್ಯೂಟನ್ನನನ್ನು ಮೀರಿಲ್ಲ; ಘರ್ಷಣೆ ಮೇಲುಗೈ ಪಡೆದಾಗ ಜಗತ್ತು ಅರಿಸ್ಟಾಟಲನು ಹೇಳಿದಂತೆ ಕಾಣುತ್ತದೆ, ಅಷ್ಟೆ. ಎರಡು ಸಾವಿರ ವರ್ಷ ಜನ ಅವನನ್ನು ನಂಬಿದ್ದಕ್ಕೆ ಅದೂ ಒಂದು ಕಾರಣ. ಈ ದೂರು ನಿಲ್ಲುವುದಿಲ್ಲ.

ಎಳೆಯಲು ಏಕೆ ಬಿಡುವುದಿಲ್ಲ?

ಎರಡನೆಯ ದೂರು ಇನ್ನಷ್ಟು ಗಟ್ಟಿಯಾದುದು. ಹುಲ್ಲುಹಾಸಿನ ರೋಲರನ್ನು ತಳ್ಳುವುದಕ್ಕಿಂತ ಎಳೆಯುವುದು ಸುಲಭ ಎಂದು ನಾವೇ ಪಾಠ ಹೇಳಿಕೊಡುತ್ತೇವೆ. ಓರೆಯಾಗಿ ಎಳೆದಾಗ ಬಲದ ಲಂಬ ಘಟಕ ತೂಕವನ್ನು ಕಳೆಯುತ್ತದೆ, ತಳ್ಳಿದಾಗ ಕೂಡಿಸುತ್ತದೆ. ಹಾಗಿರುವಾಗ ಉಗ್ರಾಣದ ಆಳಿಗೆ ಎಳೆಯುವುದನ್ನು ನಿಷೇಧಿಸಿರುವುದು ಕೃತಕವಲ್ಲವೇ?

ಕೃತಕ ನಿಜ, ಆದರೆ ಆಟದ ಜೀವ ಇರುವುದು ಅಲ್ಲಿಯೇ. ಎಳೆಯಲು ಬಿಟ್ಟರೆ ಏನಾಗುತ್ತದೆ ನೋಡಿ. ಆಳು ಪೆಟ್ಟಿಗೆಯನ್ನು ಒಂದು ಮನೆ ತಳ್ಳಿದ. ತಳ್ಳಿದ ಮೇಲೆ ಅವನು ನಿಂತಿರುವುದು ಪೆಟ್ಟಿಗೆ ಮೊದಲಿದ್ದ ಮನೆಯಲ್ಲಿ. ಅವನ ಬೆನ್ನ ಹಿಂದಿನ ಮನೆ ಖಾಲಿ. ಪೆಟ್ಟಿಗೆಯನ್ನು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರೆ ಎಲ್ಲವೂ ಮೊದಲಿನಂತೆಯೇ ಆಗುತ್ತದೆ. ಹೀಗೆ ಪ್ರತಿಯೊಂದು ನಡೆಯನ್ನೂ ಹಿಂದಿರುಗಿಸಬಹುದಾದ್ದರಿಂದ ಎಷ್ಟು ಎಡವಿದರೂ ಆಟ ಕೆಡುವುದಿಲ್ಲ. ಎಳೆತವನ್ನು ತೆಗೆದುಹಾಕಿದ ಒಂದೇ ನಿಯಮ, ಹಿಂದಿರುಗಲಾಗದ ನಡೆಗಳನ್ನು ಆಟದೊಳಗೆ ತಂದಿದೆ. ಮೂಲೆಗೆ ಸೇರಿಸಿದ ಪೆಟ್ಟಿಗೆ ಮತ್ತೆ ಹೊರಬರದು. ಎರಡಕ್ಕೆರಡು ಚೌಕವಾಗಿ ಒತ್ತಿಕೊಂಡ ನಾಲ್ಕು ಪೆಟ್ಟಿಗೆಗಳಲ್ಲಿ ಒಂದೂ ಅಲುಗದು.

ಕೆಲವರು ಇದನ್ನು ಎಂಟ್ರೊಪಿ ನಿಯಮಕ್ಕೆ ಹೋಲಿಸುತ್ತಾರೆ. ಆ ಹೋಲಿಕೆ ಸರಿಯಲ್ಲ. ಉಷ್ಣಬಲವಿಜ್ಞಾನದಲ್ಲಿ ಹಿಂದಿರುಗಲಾಗದಿರುವುದಕ್ಕೆ ಕಾರಣ ಅಗಾಧ ಸಂಖ್ಯೆಯ ಕಣಗಳ ಸಂಭವನೀಯತೆ. ಇಲ್ಲಿರುವುದು ಬರಿಯ ಜ್ಯಾಮಿತಿ: ತಳ್ಳಬೇಕಾದರೆ ಪೆಟ್ಟಿಗೆಯ ಹಿಂದೆ ನಿಲ್ಲಲು ಜಾಗ ಬೇಕು, ಆ ಜಾಗದಲ್ಲಿ ಗೋಡೆಯಿದೆ.

ಹೆಜ್ಜೆಯ ಲೆಕ್ಕವೋ, ತಳ್ಳಿದ ಲೆಕ್ಕವೋ?

ಒಂದು ಹಂತವನ್ನು ಇಬ್ಬರು ಬಿಡಿಸಿದರೆ ಯಾರದು ಉತ್ತಮ ಪರಿಹಾರ? ಇಲ್ಲಿ ಆಟಗಾರರಲ್ಲಿ ಎರಡು ಪಂಗಡ. ಒಟ್ಟು ಹೆಜ್ಜೆ ಕಡಿಮೆ ಇರಬೇಕೆಂದು ಒಂದು ಪಂಗಡ, ತಳ್ಳಿದ ಸಲಗಳು ಕಡಿಮೆ ಇರಬೇಕೆಂದು ಇನ್ನೊಂದು. ಪ್ರಸಿದ್ಧವಾದ ಮೊದಲ ಹಂತದಲ್ಲಿ ಆರು ಪೆಟ್ಟಿಗೆಗಳಿವೆ. ಅದನ್ನು 230 ಹೆಜ್ಜೆಗಳಲ್ಲಿ ಮುಗಿಸಬಹುದು; ಅವುಗಳಲ್ಲಿ ತಳ್ಳುವ ಹೆಜ್ಜೆಗಳು 97. ಉಳಿದ 133 ಹೆಜ್ಜೆಗಳಲ್ಲಿ ಆಳು ಬರಿಗೈಲಿ ಸುತ್ತಿ ಬರುತ್ತಾನೆ.

ಭೌತವಿಜ್ಞಾನದ ಕಣ್ಣಿಗೆ ಈ ಎರಡು ಲೆಕ್ಕಗಳು ಬೇರೆ ಬೇರೆ. ಪೆಟ್ಟಿಗೆಯ ರಾಶಿ 50 ಕಿಲೋಗ್ರಾಂ, ಘರ್ಷಣ ಗುಣಾಂಕ 0.3, ಮನೆಯ ಅಗಲ ಒಂದು ಮೀಟರ್ ಎಂದಾದರೆ ಒಂದು ಸಲ ತಳ್ಳಲು ಘರ್ಷಣೆಯ ವಿರುದ್ಧ 147 ಜೂಲ್ ಕೆಲಸ ಆಗುತ್ತದೆ; 97 ಸಲಕ್ಕೆ ಸುಮಾರು 14,000 ಜೂಲ್. ಸಮತಟ್ಟು ನೆಲದ ಮೇಲೆ ನಡೆಯುವಾಗ ಗುರುತ್ವದ ವಿರುದ್ಧ ಆಗುವ ಕೆಲಸ, ಪಠ್ಯಪುಸ್ತಕದ ಪ್ರಕಾರ, ಸೊನ್ನೆ. ಕಾಲು ನೋಯುತ್ತದೆ ಎಂಬುದು ಬೇರೆ ಮಾತು. ಹಾಗಾಗಿ ಒಂದು ಪಂಗಡ ಅಳೆಯುತ್ತಿರುವುದು ದೂರವನ್ನು, ಇನ್ನೊಂದು ಕೆಲಸವನ್ನು. ಅತಿ ಕಡಿಮೆ ಸಲ ತಳ್ಳುವ ಪರಿಹಾರವೇ ಅತಿ ಕಡಿಮೆ ಹೆಜ್ಜೆಯದೂ ಆಗಿರಬೇಕೆಂದಿಲ್ಲ. 'ಉತ್ತಮ' ಎನ್ನುವ ಮೊದಲು ಯಾವುದರ ದೃಷ್ಟಿಯಿಂದ ಎಂದು ಕೇಳಬೇಕು. ಈ ಪಾಠ ಕಲಿಸಲು ಇಷ್ಟು ಅಚ್ಚುಕಟ್ಟಾದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

'ಸೋತಿದ್ದೇನೆಂದು ಹೇಳಲೇ ಇಲ್ಲ'

ಇನ್ನು ಮುಖ್ಯ ದೂರು. ಹೆಚ್ಚಿನವರು ಆಟವನ್ನು ಕೈಬಿಡುವುದು ಇದರಿಂದಲೇ. 'ನಾನು ಅರ್ಧ ಗಂಟೆ ಆಡಿದೆ. ಐದು ಪೆಟ್ಟಿಗೆ ಸೇರಿಸಿದೆ. ಆರನೆಯದು ಸೇರುವುದಿಲ್ಲ ಎಂದು ಆಮೇಲೆ ತಿಳಿಯಿತು. ನೋಡಿದರೆ ತಪ್ಪಿದ್ದು ಹತ್ತನೆಯ ಹೆಜ್ಜೆಯಲ್ಲೇ. ಆಟ ಆಗಲೇ ಎಚ್ಚರಿಸಬಾರದಿತ್ತೇ?'

ಮೂಲೆಗೆ ಬಿದ್ದ ಪೆಟ್ಟಿಗೆಯಂಥ ಸುಲಭದ ಸಂದರ್ಭದಲ್ಲಿ ಎಚ್ಚರಿಸುವ ಪ್ರೋಗ್ರಾಮ್ ಬರೆಯುವುದು ಕಷ್ಟವಲ್ಲ. ಆದರೆ ಎಲ್ಲ ಸಂದರ್ಭಗಳಲ್ಲೂ ಎಚ್ಚರಿಸಬೇಕಾದರೆ, ಈಗಿರುವ ಸ್ಥಿತಿಯಿಂದ ಗುರಿ ತಲುಪಲು ಸಾಧ್ಯವೇ ಎಂದು ಪ್ರೋಗ್ರಾಮಿಗೆ ತಿಳಿದಿರಬೇಕು. ಅದು ಒಗಟನ್ನೇ ಬಿಡಿಸಿದಷ್ಟು ಕಷ್ಟ. ಎಷ್ಟು ಕಷ್ಟ ಎಂಬುದಕ್ಕೆ ಒಂದು ಅಂದಾಜು: 50 ಮನೆಗಳ ಉಗ್ರಾಣದಲ್ಲಿ 6 ಪೆಟ್ಟಿಗೆಗಳನ್ನು ಇಡುವ ಬಗೆಗಳು 1,58,90,700. ಆಳು ಉಳಿದ 44 ಮನೆಗಳಲ್ಲಿ ಎಲ್ಲಿಯೂ ಇರಬಹುದು. ಒಟ್ಟು ಸುಮಾರು 70 ಕೋಟಿ ಸ್ಥಿತಿಗಳು. ಪೆಟ್ಟಿಗೆಗಳು 10 ಆದರೆ ಅದು 41,000 ಕೋಟಿ ದಾಟುತ್ತದೆ.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೋಸೆಫ್ ಕಲ್ಬರ್ಸನ್ 1997ರಲ್ಲಿ ಸೋಕೋಬಾನ್ 'ಪಿ-ಸ್ಪೇಸ್ ಪೂರ್ಣ' ಎಂಬ ವರ್ಗಕ್ಕೆ ಸೇರಿದ್ದೆಂದು ಸಾಧಿಸಿದರು. ಮಿತವಾಗಿ ಬೆಳೆಯುವ ಸ್ಮೃತಿಯಲ್ಲಿ ಗಣಕ ಬಿಡಿಸಬಲ್ಲ ಸಮಸ್ಯೆಗಳಲ್ಲೇ ಅತಿ ಕಠಿಣವಾದವುಗಳ ಸಾಲಿಗೆ ಇದು ಸೇರುತ್ತದೆ ಎಂದು ಸ್ಥೂಲವಾಗಿ ಹೇಳಬಹುದು. ಡೀಪ್ ಬ್ಲೂ ಗಣಕ ಚದುರಂಗದಲ್ಲಿ ಕ್ಯಾಸ್ಪರೋವ್ ಅವರನ್ನು ಸೋಲಿಸಿದ್ದೂ ಅದೇ ವರ್ಷ. ಅದೇ ಆಲ್ಬರ್ಟಾದಲ್ಲಿ ಆಂಡ್ರಿಯಾಸ್ ಯುಂಗ್‌ಹಾನ್ಸ್ ಮತ್ತು ಜೊನಾಥನ್ ಶೇಫರ್ ರಚಿಸಿದ 'ರೋಲಿಂಗ್ ಸ್ಟೋನ್' ಎಂಬ ಪ್ರೋಗ್ರಾಮ್ ಪರೀಕ್ಷೆಗೆಂದು ಬಳಸುವ 90 ಹಂತಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನಷ್ಟೇ ಬಿಡಿಸಿತು. ಯಾರೊನ್ ಶೋಹಮ್ ಮತ್ತು ಶೇಫರ್ 2020ರಲ್ಲಿ ಪ್ರಕಟಿಸಿದ ಹೊಸ ವಿಧಾನದಿಂದ ತೊಂಬತ್ತೂ ಬಿಡಿಸಲ್ಪಟ್ಟವು.

ಆಟ ಸುಮ್ಮನಿರುವುದು ಆಟಗಾರನನ್ನು ಸತಾಯಿಸಲೆಂದಲ್ಲ, ಅದಕ್ಕೂ ಗೊತ್ತಿಲ್ಲ. ಪ್ರಕೃತಿಯೂ ಹೀಗೆಯೇ. ಸ್ಕ್ರೂ ಗೇಜಿನ ಶೂನ್ಯ ದೋಷವನ್ನು ಮೊದಲು ಗುರುತಿಸದ ವಿದ್ಯಾರ್ಥಿಗೆ ಉಪಕರಣ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಎರಡು ಗಂಟೆ ದುಡಿದು ಯಂಗ್ ಗುಣಾಂಕ ಲೆಕ್ಕ ಹಾಕಿದಾಗಲೇ ಎಡವಟ್ಟು ತಿಳಿಯುವುದು. ತಪ್ಪು ನಡೆಯುವುದು ಆರಂಭದಲ್ಲಿ, ಕಾಣಿಸುವುದು ಕೊನೆಯಲ್ಲಿ.

ಹಿಂದೆಗೆದುಕೊಳ್ಳುವ ಗುಂಡಿ

ಈ ಕಷ್ಟಕ್ಕೆ ಪರಿಹಾರವಾಗಿ ಇಂದಿನ ಬಹುತೇಕ ಆವೃತ್ತಿಗಳಲ್ಲಿ 'ಅನ್‌ಡು' ಗುಂಡಿ ಇದೆ. ಒತ್ತಿದಷ್ಟೂ ನಡೆಗಳು ಹಿಂದಕ್ಕೆ ಹೋಗುತ್ತವೆ. ಇದಿಲ್ಲದೆ ಆಡಲಾಗದು ಎನ್ನುವವರು ಉಂಟು. ಇದರಿಂದ ಆಟದ ಸತ್ವವೇ ಹೋಯಿತು ಎನ್ನುವವರೂ ಉಂಟು.

ಮೊದಲು ನಾನು ಎರಡನೆಯವರ ಕಡೆಗಿದ್ದೆ. ವಿದ್ಯಾರ್ಥಿಗಳಿಗೆ ಆ ಗುಂಡಿಯನ್ನು ಮುಟ್ಟಕೂಡದೆಂದು ಕಟ್ಟುನಿಟ್ಟಾಗಿ ಹೇಳಿದೆ. ಪರಿಣಾಮ, ಎರಡನೆಯ ವಾರಕ್ಕೆ ಹಲವರು ಆಟ ಬಿಟ್ಟರು. ಬಿಡದವರೂ ಪ್ರತಿ ಸಲ ಮೊದಲಿನಿಂದ ಅವೇ ನಡೆಗಳನ್ನು ಯಾಂತ್ರಿಕವಾಗಿ ಒತ್ತುತ್ತ ಹೋದರೇ ಹೊರತು ಯೋಚಿಸಲಿಲ್ಲ. ತಪ್ಪು ನನ್ನದೇ ಆಗಿತ್ತು. ಶಿಕ್ಷೆ ಹೆಚ್ಚಾದರೆ ಕಲಿಕೆ ಹೆಚ್ಚುತ್ತದೆ ಎಂದು ನಾನು ಭಾವಿಸಿದ್ದೆ.

ಮುಂದಿನ ವರ್ಷ ನಿಯಮ ಬದಲಿಸಿದೆ. ಎಷ್ಟು ಬೇಕಾದರೂ ಹಿಂದಕ್ಕೆ ಹೋಗಿ. ಆದರೆ ಯಾವ ನಡೆಯಿಂದ ಆಟ ಕೆಟ್ಟಿತು, ಏಕೆ ಕೆಟ್ಟಿತು ಎಂದು ಒಂದು ವಾಕ್ಯ ಬರೆಯಿರಿ. ಈಗ ಆ ಗುಂಡಿ ತಪ್ಪನ್ನು ಅಳಿಸುವ ರಬ್ಬರಾಗಿ ಉಳಿಯದೆ ತಪ್ಪನ್ನು ಹುಡುಕುವ ಸಾಧನವಾಯಿತು. 'ಗೋಡೆಗೆ ತಾಗಿಸಿದೆ, ಆ ಗೋಡೆಯುದ್ದಕ್ಕೂ ಗುರುತಿನ ಮನೆ ಇರಲಿಲ್ಲ' ಎಂದು ಒಬ್ಬಳು ಬರೆದಳು. ಅದು ಒಂದು ನಿಯಮದ ಆವಿಷ್ಕಾರ. ಅಂಥ ನಿಯಮಗಳನ್ನೇ ಸಂಶೋಧಕರು ತಮ್ಮ ಪ್ರೋಗ್ರಾಮುಗಳಲ್ಲಿ ಅಳವಡಿಸಿದ್ದಾರೆ.

ಆಟದ ನಿಜವಾದ ಕೊರತೆ

ಆಟ ದೋಷರಹಿತ ಎಂದು ನಾನು ಹೇಳುತ್ತಿಲ್ಲ. ಹೊಸಬರಿಗೆ ಮೊದಲ ಹಂತದಲ್ಲೇ 97 ಸಲ ತಳ್ಳಬೇಕಾದ ಒಗಟು ಕೊಡುವುದು ಒಳ್ಳೆಯ ಮೇಷ್ಟರ ಲಕ್ಷಣವಲ್ಲ. ಈ ಕೊರತೆಯನ್ನು ಆಟಗಾರರೇ ತುಂಬಿದರು. ಡೇವಿಡ್ ಸ್ಕಿನ್ನರ್ ರಚಿಸಿದ 'ಮೈಕ್ರೋಬಾನ್' ಎಂಬ 155 ಪುಟ್ಟ ಹಂತಗಳ ಮಾಲೆ, ಹೆಚ್ಚಾಗಿ ಒಂದು ಒಗಟಿಗೆ ಒಂದು ತತ್ತ್ವದಂತೆ ಕಲಿಸುತ್ತ ಹೋಗುತ್ತದೆ. ತರಗತಿಗೆ ತಕ್ಕದ್ದು ಅದು.

ಕೊನೆಗೆ ಮೆಚ್ಚುಗೆಯ ಮಾತು: 'ಇದರಿಂದ ಬುದ್ಧಿ ಚುರುಕಾಗುತ್ತದೆ.' ಇದನ್ನೂ ಎಚ್ಚರಿಕೆಯಿಂದ ಸ್ವೀಕರಿಸಬೇಕು. ಸೋಕೋಬಾನ್ ಅಭ್ಯಾಸ ಮಾಡಿದವರು ಸೋಕೋಬಾನ್ ಚೆನ್ನಾಗಿ ಆಡುತ್ತಾರೆ ಎಂಬುದಷ್ಟೇ ಖಚಿತ. ಅದರಿಂದ ಕಲನಶಾಸ್ತ್ರದ ಅಂಕಗಳು ತಾನಾಗಿ ಏರುವುದಿಲ್ಲ. ಆಟದಲ್ಲಿ ಕಂಡದ್ದನ್ನು ಪ್ರಯೋಗಾಲಯದ ಪುಸ್ತಕಕ್ಕೆ ಜೋಡಿಸಿ ತೋರಿಸುವ ಕೆಲಸ ಅಧ್ಯಾಪಕರದು.

ಇದಕ್ಕೆ ಕಂಪ್ಯೂಟರ್ ಬೇಕೇಬೇಕೆಂದಿಲ್ಲ. ನಕ್ಷೆ ಹಾಳೆಯ ಮೇಲೆ ಗೋಡೆ ಬರೆಯಿರಿ. ಪೆಟ್ಟಿಗೆಗಳಿಗೆ ಹುಣಸೆ ಬೀಜ, ಆಳಿಗೆ ಒಂದು ಗುಂಡಿ ಸಾಕು. ಮೂರು ಬೀಜಗಳ ಒಗಟನ್ನು ವಿದ್ಯಾರ್ಥಿಗಳೇ ರಚಿಸಲಿ. ಬಿಡಿಸಲಾಗದ ಒಗಟು ತಯಾರಾದರೆ ಏಕೆ ಬಿಡಿಸಲಾಗದು ಎಂದು ಅವರೇ ಸಾಧಿಸಿ ತೋರಿಸಲಿ. ಬೀಜವನ್ನು ಹಿಂದಕ್ಕೆ ಇಡಲೂ ಅವಕಾಶ ಕೊಡಿ. ಪಕ್ಕದಲ್ಲಿ ಕಾರಣ ಬರೆದಿರಬೇಕು, ಅಷ್ಟೆ.