ಮಿನುಗುವ ದುಂಬಿ, ಕಾಣದ ಕಣಜ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕೃಷ್ಣಾ ತೀರವೆಂದರೆ ಕಬ್ಬಿನ ನಾಡು. ಇಲ್ಲಿ ಮಿಂಚುಹುಳವೆಂಬ ದುಂಬಿಯನ್ನು ಮೆಚ್ಚದವರಿಲ್ಲ. ಟ್ರೈಕೋಗ್ರಾಮ ಎಂಬ ಪರತಂತ್ರ ಕಣಜವನ್ನು ಕಣ್ಣಾರೆ ಕಂಡವರು ವಿರಳ. ಅದರ ಮೈಯುದ್ದ 1 ಮಿಲಿಮೀಟರನ್ನೂ ಮುಟ್ಟದು.

ಆದರೆ ಅದರ ಕಸುಬು ನೋಡಿ. ಸುಳಿ ಕೊರೆಯುವ ಹುಳದ ಪತಂಗ ಕಬ್ಬಿನ ಎಲೆಯ ಮೇಲಿಟ್ಟ ಮೊಟ್ಟೆಯನ್ನು ಹುಡುಕಿ, ಹೆಣ್ಣು ಕಣಜ ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ಕಣಜದ ಮರಿ ಒಳಗಿನದನ್ನೆಲ್ಲ ತಿಂದು ಬೆಳೆದಂತೆ ಆ ಮೊಟ್ಟೆ ಕಪ್ಪಾಗುತ್ತದೆ. ವಾರ-ಹತ್ತು ದಿನದಲ್ಲಿ ಹೊರಬರುವುದು ಕೊರಕವಲ್ಲ, ಹೊಸ ಕಣಜ. ಸುಳಿಗೆ ಹಲ್ಲು ತಾಗುವ ಮೊದಲೇ ಶತ್ರು ಮುಗಿದಿರುತ್ತದೆ. ಅಕ್ಕಿ ಪತಂಗದ ಮೊಟ್ಟೆಗಳಲ್ಲಿ ಈ ಕಣಜವನ್ನು ಬೆಳೆಸಿ, ಆ ಮೊಟ್ಟೆಗಳನ್ನು ಕಾರ್ಡಿಗೆ ಅಂಟಿಸಿ, ಎಲೆಯಡಿ ಕಟ್ಟುತ್ತಾರೆ. ಪಕ್ಕದ ನಿಪ್ಪಾಣಿಯ ಹೆಸರಾಂತ ಬೆಳೆ ತಂಬಾಕು. ಅದರ ಎಲೆ ತಿನ್ನುವ ಹುಳದ ಮೊಟ್ಟೆಗೂ ಟೆಲಿನೋಮಸ್ ಎಂಬ ಇಂಥದೇ ವೈರಿಯುಂಟು.

ಮಿಂಚುಹುಳವೂ ಬರೀ ಶೋಕಿಯದಲ್ಲ. ಲೂಸಿಫೆರಿನ್ ಎಂಬ ರಾಸಾಯನಿಕ, ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ಕೂಡಿದಾಗ ಅದರ ಹೊಟ್ಟೆಯ ತುದಿ ಬೆಳಗುತ್ತದೆ. ಬಿಸಿ ಇಲ್ಲವೆನ್ನುವಷ್ಟು ತಣ್ಣನೆಯ ಬೆಳಕು, ಸಂಗಾತಿಗೆ ಕೊಡುವ ಸನ್ನೆ. ಅದರ ಮರಿ ನೆಲದಲ್ಲಿ ಬಸವನಹುಳಗಳನ್ನು ಬೇಟೆಯಾಡುತ್ತದೆ.

ಚೆಲುವಿಗೆ ದುಂಬಿ, ಕೈಚಳಕಕ್ಕೆ ಕಣಜ ಎಂಬುದು ನನ್ನ ತೀರ್ಪು. ಕೀಟನಾಶಕ ಎರಡನ್ನೂ ಕೊಲ್ಲುತ್ತದೆ. ಕಾರ್ಡು ಕಟ್ಟಿದ ಹೊಲಕ್ಕೆ ಔಷಧದ ಪಂಪು ಒಯ್ಯಬೇಡಿ.