ಶ್ವಾಸರೋಗಿಗೆ ವ್ಯಾಯಾಮನಿಷೇಧ: ಒಂದು ಅರ್ಥವಿಚಾರ

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯದಲ್ಲಿ ವ್ಯಾಯಾಮವನ್ನು ವರ್ಜಿಸತಕ್ಕವರ ಪಟ್ಟಿಯೊಂದುಂಟು. ಶ್ವಾಸಕಾಸಪೀಡಿತನೂ ಅದರಲ್ಲಿ ಸೇರಿರುವನು. ಇದನ್ನೇ ಆಧಾರವಾಗಿಟ್ಟುಕೊಂಡು, ಜೀರ್ಣಶ್ವಾಸರೋಗಿಯು ಹಾಸಿಗೆಯನ್ನು ಬಿಟ್ಟೇಳಬಾರದೆಂದು ಅರ್ಥಮಾಡುವವರುಂಟು. ಈ ಅರ್ಥವು ಗ್ರಂಥಸಮ್ಮತವೇ ಎಂಬುದು ಪ್ರಕೃತ ವಿಚಾರಣೀಯವು.

ಮೊದಲನೆಯದಾಗಿ, ಆಗತಾನೆ ಉಂಡವನೂ ಆ ಪಟ್ಟಿಯಲ್ಲಿದ್ದಾನೆ. ಅವನಿಗೆ ಯಾವಜ್ಜೀವವೂ ವ್ಯಾಯಾಮವಿಲ್ಲವೆಂದು ಯಾರೂ ಹೇಳಲಾರರು. ಆದುದರಿಂದ ನಿಷೇಧವು ಅವಸ್ಥೆಗೆ ಸಂಬಂಧಪಟ್ಟುದೆಂದು ತಿಳಿಯಲು ಅವಕಾಶವುಂಟು. ಎರಡನೆಯದಾಗಿ, ಶರೀರಕ್ಕೆ ಆಯಾಸವನ್ನುಂಟುಮಾಡುವ ಕರ್ಮವೇ ವ್ಯಾಯಾಮವೆಂದು ಆಚಾರ್ಯನ ಲಕ್ಷಣ. ದೇಹವನ್ನು ಹೆಚ್ಚು ಪೀಡಿಸದ ಚಂಕ್ರಮಣವನ್ನು, ಎಂದರೆ ಅಡ್ಡಾಡುವುದನ್ನು, ಅದೇ ಅಧ್ಯಾಯದಲ್ಲಿ ಬೇರೆಯಾಗಿ ಎತ್ತಿಕೊಂಡು ಬಲಪ್ರದವೆಂದು ಹೊಗಳಿದ್ದಾನೆ. ಮೂರನೆಯದಾಗಿ, ವ್ಯಾಯಾಮಕ್ಕೂ ಬಲಾರ್ಧವೆಂಬ ಮಿತಿಯನ್ನು ವಿಧಿಸಿದ್ದಾನೆ. ಹೃದಯಸ್ಥವಾದ ವಾಯುವು ಬಾಯಿಗೆ ಬರುವುದೇ ಅದರ ಕುರುಹು.

ಇಷ್ಟರಿಂದಲೇ ಇಂದಿನ ವ್ಯಾಯಾಮಚಿಕಿತ್ಸೆಯು ಸುಶ್ರುತನಿಗೆ ತಿಳಿದಿತ್ತೆಂದು ಸಾಧಿಸಹೊರಡುವುದು ಮತ್ತೊಂದು ದೋಷ. ಶ್ವಾಸವೆಂಬ ಪ್ರಾಚೀನಸಂಜ್ಞೆಯು ಈಗ ಸಿ. ಒ. ಪಿ. ಡಿ. ಎನ್ನುವ ರೋಗಕ್ಕಿಂತ ವ್ಯಾಪಕವಾದುದು. ಪಾಶ್ಚಾತ್ಯವೈದ್ಯರೂ ಬಹುಕಾಲ ವಿಶ್ರಾಂತಿಯನ್ನೇ ವಿಧಿಸುತ್ತಿದ್ದು, 1952ರಲ್ಲಿ ಅಮೆರಿಕದ ಅಲ್ವಾನ್ ಬರಾಕ್ ಮೊದಲಾದವರು ವ್ಯಾಯಾಮದ ಪಕ್ಷವನ್ನು ಹಿಡಿದರು. ಉಬ್ಬಸಕ್ಕೆ ಹೆದರಿ ನಡೆಯದವನ ತೊಡೆಯ ಮಾಂಸಖಂಡಗಳು ಕ್ಷೀಣಿಸುತ್ತವೆ; ಆಗ ಅಲ್ಪಶ್ರಮಕ್ಕೂ ಲ್ಯಾಕ್ಟಿಕ್ ಆಮ್ಲವು ಹೆಚ್ಚಿ, ಉಸಿರಾಟದ ಭಾರವೂ ಹೆಚ್ಚುತ್ತದೆ. ಕ್ರಮವಾದ ಅಭ್ಯಾಸದಿಂದ ಇವೆರಡೂ ತಗ್ಗುವುವೆಂದು 1991ರ ಪ್ರಯೋಗವೊಂದು ತೋರಿಸಿತು. 65 ಪ್ರಯೋಗಗಳನ್ನೂ 3,822 ರೋಗಿಗಳನ್ನೂ ಒಳಗೊಂಡ 2015ರ ಕಾಕ್ರೇನ್ ಸಮೀಕ್ಷೆಯಲ್ಲಿ, ಆರು ನಿಮಿಷಗಳ ನಡಿಗೆಯು ಸರಾಸರಿ 44 ಮೀಟರುಗಳಷ್ಟು ಹೆಚ್ಚಿತೆಂದೂ ಉಬ್ಬಸವು ತಗ್ಗಿತೆಂದೂ ಕಂಡುಬಂದಿದೆ.

ನನ್ನ ತಪ್ಪನ್ನೂ ಇಲ್ಲಿ ಹೇಳಿಕೊಳ್ಳಬೇಕು. ಅಣ್ಣನವರು ಈ ರೋಗದಿಂದ ಬಳಲುತ್ತಿದ್ದಾಗ, ಮೇಲಿನ ಪಟ್ಟಿಯನ್ನು ಓದಿ ಹೇಳಿ ಮೂರು ವರ್ಷ ಅವರನ್ನು ಜಗುಲಿಯಿಂದ ಇಳಿಯಗೊಡದವನು ನಾನೇ. ಕಡೆಗೆ ವೈದ್ಯರು ಅವರನ್ನು ನಡೆಯಿಸಹೊರಟಾಗ ಬಚ್ಚಲಿನವರೆಗೆ ಹೋಗಲೂ ಕಾಲುಗಳಲ್ಲಿ ತ್ರಾಣವಿರಲಿಲ್ಲ. ವೈದ್ಯರು ರಕ್ತದ ಆಮ್ಲಜನಕವನ್ನು ಅಳೆಯುತ್ತ, ಉಬ್ಬಸ ಹೆಚ್ಚಿದಾಗ ನಿಲ್ಲಿಸುತ್ತ, ವಾರಕ್ಕೆ ಮೂರು ದಿನದಂತೆ ಎಂಟು ವಾರ ಅಭ್ಯಾಸಮಾಡಿಸಿದರು. ಆಮೇಲೆ ಅಣ್ಣನವರು ಬೀದಿಯ ಕೊನೆಯ ದೇವಸ್ಥಾನಕ್ಕೆ ತಾವಾಗಿಯೇ ಹೋಗಿಬಂದರು. ಶ್ವಾಸಕೋಶವು ಮೊದಲಿನಂತೆಯೇ ಇತ್ತು. ಕಾಲಿಗೆ ಬಲ ಬಂದಿತ್ತು.

ನಾನು ಓದಿದ ಪಾಠ ಸರಿಯಾಗಿತ್ತು. ಪೂರ್ವಾಪರವನ್ನು ನೋಡದೆ ಹೇಳಿದ ಅರ್ಥ ತಪ್ಪಾಗಿತ್ತು. ಈ ಅಧ್ಯಾಯವನ್ನು ಪಾಠಹೇಳುವ ಉಪಾಧ್ಯಾಯರು ನಿಷೇಧದೊಡನೆ ಚಂಕ್ರಮಣದ ಮಾತನ್ನೂ ಬಲಾರ್ಧದ ನಿಯಮವನ್ನೂ ಸೇರಿಸಿ ವಿವರಿಸಬೇಕು. ಕೇಳುವವನು ರೋಗಿಯಾದರೆ, ಅರ್ಥಹೇಳುವುದನ್ನು ಅಲ್ಲಿಗೆ ನಿಲ್ಲಿಸಿ ಅವನನ್ನು ವೈದ್ಯರಲ್ಲಿಗೆ ಕಳುಹಿಸಬೇಕೆಂದು ನನ್ನ ವಿಜ್ಞಾಪನೆ.